ಎಕ್ಸ್-ರೇ ಪ್ರಕಾರ ಏನಿಲ್ಲ, ಎಂಆರ್‌ಐ ರಿಪೋರ್ಟ್ ಎರಡು ಪುಟ. ಯಾವುದನ್ನು ನಂಬಲಿ?

ಮೆಟ್ಟಿಲಿಗೆ ಹೆದರುವವಳು:
ನನಗೆ 54 ವರ್ಷ. ಎಂಟು ತಿಂಗಳಿಂದ ಬಲ ಮಂಡಿ ನೋವು. ಮೆಟ್ಟಿಲು ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜೀವ ಹೋಗುತ್ತದೆ. ಬೆಳಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿ, ಆಮೇಲೆ ಸಡಿಲ. ನಿಲ್ಲಿಸಿ ತೆಗೆದ ಎಕ್ಸ್-ರೇ ನೋಡಿ ಡಾಕ್ಟರ್ "ಗ್ರೇಡ್ 1, ಅಂಥದ್ದೇನಿಲ್ಲ" ಅಂದರು. ನಾನೇ ಹಟ ಹಿಡಿದು ಎಂಆರ್‌ಐ ಮಾಡಿಸಿಕೊಂಡೆ. ರಿಪೋರ್ಟಿನಲ್ಲಿ ಕಾರ್ಟಿಲೇಜ್ (ಮೂಳೆ ತುದಿಯ ನುಣುಪು ಪದರ) ಸವೆತ, ಮೆನಿಸ್ಕಸ್ (ಎರಡು ಮೂಳೆ ನಡುವಿನ ಮೆತ್ತೆ) ಸೀಳು, ಮೂಳೆಯೊಳಗೆ ಎಡಿಮಾ ಅಂದರೆ ಊತ, ಕೀಲಿನಲ್ಲಿ ನೀರು! ರಾತ್ರಿ ನಿದ್ದೆ ಬರಲಿಲ್ಲ. ಮಂಡಿ ಒಂದೇ ಅಲ್ವಾ?

ಸ್ಕ್ಯಾನ್ ರೂಮಿನವನು:
ಹನ್ನೊಂದು ವರ್ಷದಿಂದ ಎಂಆರ್‌ಐ ಮಷಿನ್ ನಡೆಸುತ್ತಿದ್ದೇನೆ, ಡಾಕ್ಟರ್ ಅಲ್ಲ. ಎರಡೂ ಸುಳ್ಳು ಹೇಳಿಲ್ಲ ಮೇಡಂ.

ಎಕ್ಸ್-ರೇಯಲ್ಲಿ ಕಾರ್ಟಿಲೇಜ್ ಕಾಣುವುದೇ ಇಲ್ಲ. ಎರಡು ಮೂಳೆಗಳ ನಡುವಿನ ಸಂದು ಎಷ್ಟಿದೆ, ಅಂಚಿನಲ್ಲಿ ಮುಳ್ಳು ಬೆಳೆದಿದೆಯಾ ಎಂದು ನೋಡಿ ಸವೆತವನ್ನು ಅಂದಾಜು ಮಾಡುತ್ತಾರೆ. ನಿಮಗೆ ಹೇಳಿದ ಆ ಗ್ರೇಡ್, 0 ಅಂದರೆ ಸವೆತವಿಲ್ಲ, 4 ಅಂದರೆ ತೀರಾ ಜಾಸ್ತಿ, 1957ರಲ್ಲಿ ಬ್ರಿಟನ್ನಿನ ಡಾಕ್ಟರುಗಳಾದ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಮಾಡಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ.

ಎಂಆರ್‌ಐಯಲ್ಲಿ ಕಾರ್ಟಿಲೇಜೇ ಕಾಣುತ್ತದೆ. ಮಂಡಿಗೆ ನಾವು ಕೊಬ್ಬಿನ ಹೊಳಪು ಅಡಗಿಸಿ ಚಿತ್ರ ತೆಗೆಯುತ್ತೇವೆ. ಮೂಳೆಯೊಳಗಿನ ಮಜ್ಜೆಯಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಮೂಳೆ ಕಪ್ಪಾಗುತ್ತದೆ, ನೀರಿನ ಅಂಶ ಬೆಳ್ಳಗೆ ಎದ್ದು ಕಾಣುತ್ತದೆ. ನಿಮ್ಮ "ಎಡಿಮಾ" ಅಂದರೆ ಅದೇ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಒರೆಸಿದ ಹಾಗೆ ಒಂದು ಬಿಳಿ ಮಬ್ಬು.

ತೊಂದರೆ ಏನೆಂದರೆ, ಈ ಮಷಿನ್ ಕಂಡದ್ದೆಲ್ಲ ಹೇಳಿಬಿಡುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದ 710 ಜನರ ಮಂಡಿಯ ಎಂಆರ್‌ಐ ತೆಗೆದರು. ಎಲ್ಲರ ಎಕ್ಸ್-ರೇಯೂ ಸ್ವಚ್ಛ. ಆದರೂ ಶೇ. 89 ಜನರಲ್ಲಿ ಏನಾದರೊಂದು ಸಿಕ್ಕಿತು. 2012ರಲ್ಲಿ ಪ್ರಕಟವಾಗಿದೆ. ನೋವೇ ಇಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ! ಮಂಡಿ ಸ್ಕ್ಯಾನಿಗೆ ಬಂದವರು ಹೊರಗೆ ಹೋಗಿ ರಿಪೋರ್ಟ್ ಓದಿ ಮುಖ ಸಪ್ಪಗೆ ಮಾಡಿಕೊಳ್ಳುವುದನ್ನು ದಿನಾ ನೋಡುತ್ತೇನೆ.

ಇನ್ನೊಂದು ಮಾತು. ಎಕ್ಸ್-ರೇಗೆ ನೀವು ನಿಂತಿದ್ದಿರಿ, ಎಂಆರ್‌ಐಗೆ ಮಲಗಿದ್ದಿರಿ. ಒಂದರಲ್ಲಿ ಮಂಡಿ ಭಾರ ಹೊತ್ತಿತ್ತು, ಇನ್ನೊಂದರಲ್ಲಿ ಇಲ್ಲ.

ಹಳೇ ಮಂಡಿ:
ನನಗೆ 61. ನನ್ನ ರಿಪೋರ್ಟಿನಲ್ಲೂ "ಮೆನಿಸ್ಕಸ್ ಸೀಳು" ಇತ್ತು. ಹರಿದಿದ್ದನ್ನು ಕತ್ತರಿಸಿ ತೆಗೆಸಿಬಿಡೋಣ ಅಂತ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದೆ. ಇನ್ನೊಬ್ಬ ಡಾಕ್ಟರ್ ತಡೆದರು. ಫಿನ್‌ಲ್ಯಾಂಡಿನಲ್ಲಿ ಇಂಥದ್ದೇ ಸೀಳಿದ್ದ 146 ಜನರಲ್ಲಿ ಅರ್ಧ ಜನಕ್ಕೆ ನಿಜವಾದ ಆಪರೇಷನ್, ಉಳಿದವರಿಗೆ ಸುಮ್ನೆ ಆಪರೇಷನ್ ನಾಟಕ ಮಾಡಿದರಂತೆ. ವರ್ಷದ ಮೇಲೆ ನೋಡಿದರೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಾನು ತೊಡೆಯ ಸ್ನಾಯುವಿನ ವ್ಯಾಯಾಮಕ್ಕೆ ಬಿದ್ದೆ. ಮೊದಲ ಆರು ವಾರ ಬೈದುಕೊಂಡೇ ಮಾಡಿದೆ. ಸೀಳು ಈಗಲೂ ಇರಬಹುದು, ನಾನು ಕೇಳಲು ಹೋಗಿಲ್ಲ.

ಮೆಟ್ಟಿಲಿಗೆ ಹೆದರುವವಳು:
ಹಾಗಾದರೆ ಎಂಆರ್‌ಐ ಸುಮ್ನೆ ಮಾಡಿಸಿದೆನಾ?

ಸ್ಕ್ಯಾನ್ ರೂಮಿನವನು:
ನಿಮ್ಮ ಲಕ್ಷಣಕ್ಕೆ ಬೇಕಾಗಿರಲಿಲ್ಲ ಅನ್ನಿಸುತ್ತದೆ. ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡರೆ, ರಾತ್ರಿ ಮಲಗಿದಾಗಲೂ ಒಂದೇ ಸಮನೆ ನೋವಿದ್ದರೆ ಮಾತು ಬೇರೆ. ಮೂಳೆಯಲ್ಲಿ ಸಣ್ಣ ಬಿರುಕೋ ರಕ್ತ ಸಿಗದೆ ಸಾಯುತ್ತಿರುವ ಭಾಗವೋ ಇದ್ದರೆ ಎಕ್ಸ್-ರೇಗೆ ಮೊದಮೊದಲು ಗೊತ್ತೇ ಆಗುವುದಿಲ್ಲ. ರಿಪೋರ್ಟಿನಲ್ಲಿ ಅವನ್ನು "ಫ್ರಾಕ್ಚರ್" (ಬಿರುಕು), "ನೆಕ್ರೋಸಿಸ್" (ಸಾಯುತ್ತಿರುವ ಭಾಗ) ಎಂದು ಬರೆಯುತ್ತಾರೆ, ಆ ಪದ ಇದೆಯಾ ನೋಡಿ.

ಕಾರ್ಟಿಲೇಜಿಗೆ ನರವೇ ಇಲ್ಲ, ಸವೆದರೂ ತಾನಾಗಿ ನೋಯುವುದಿಲ್ಲ. ಮಜ್ಜೆಯ ಆ ಬಿಳಿ ಮಬ್ಬಿಗೂ ಕೀಲಿನ ಒಳಪದರದ ಊತಕ್ಕೂ ನೋವಿನ ಜೊತೆ ನಂಟು ಹೆಚ್ಚು. ಎಡಿಮಾ ಎಲ್ಲಿದೆ ಎಂದು ಬರೆದಿದ್ದಾರೆ?

ಮೆಟ್ಟಿಲಿಗೆ ಹೆದರುವವಳು:
ಎರಡು ಸಲ ಓದಿದೆ. ಫ್ರಾಕ್ಚರ್ ಇಲ್ಲ, ನೆಕ್ರೋಸಿಸ್ ಇಲ್ಲ. ಎಡಿಮಾ ಮಂಡಿಚಿಪ್ಪಿನ ಹಿಂಭಾಗದಲ್ಲಂತೆ.

ಸ್ಕ್ಯಾನ್ ರೂಮಿನವನು:
ಮೆಟ್ಟಿಲು ಇಳಿಯುವಾಗ ಜಾಸ್ತಿ ಒತ್ತಡ ಬೀಳುವುದು ಅಲ್ಲೇ. ಎರಡು ಪುಟದಲ್ಲಿ ನಿಮ್ಮ ನೋವಿಗೆ ಹೊಂದುವ ಸಾಲು ಅದೊಂದೇ ಇರಬಹುದು. ಅದಕ್ಕೆ ಗೆರೆ ಎಳೆದು ಡಾಕ್ಟರಿಗೆ ತೋರಿಸಿ.