ಫೈರ್‌ಮನ್ ಹೀರೋ ಆಗಿರುವ ಪತ್ತೇದಾರಿ ಕಾದಂಬರಿ: ಕೆಳಗಿಡಲು ಯಾಕೆ ಮನಸ್ಸು ಬರುವುದಿಲ್ಲ?

ಮಂಡ್ಯದ ಓದುಗಿ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮೈಸೂರಿಗೆ ಬಂದಿದ್ದಾಗ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪತ್ತೇದಾರಿ ಸರಣಿಯ ಮೂರು ಪುಸ್ತಕ ಸಿಕ್ಕಿದವು. ಹೀರೋ ಅಮೆರಿಕದ ಒಂದು ಸಣ್ಣ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ. ಬರೆದವರೂ ಸಿಯಾಟಲ್ ನಗರದ ಅಗ್ನಿಶಾಮಕ ದಳದಲ್ಲಿ ಇದ್ದವರಂತೆ. ಮೂರನ್ನೂ ಎರಡು ವಾರದಲ್ಲಿ ಮುಗಿಸಿದೆ. ಸಾರು ಎರಡು ಸಲ ತಳ ಹಿಡಿಯಿತು, ಅದು ಬೇರೆ ಮಾತು.

ನನ್ನ ಪ್ರಶ್ನೆ ಏನೆಂದರೆ, ಕೊಲೆಗಾರ ಯಾರು ಅಂತ ನನಗೆ ಅರ್ಧಕ್ಕೇ ಗೊತ್ತಾಗಿತ್ತು. ಆದರೂ ಬಿಡಲಿಕ್ಕೆ ಆಗಲಿಲ್ಲ. ಪೊಲೀಸ್ ಇನ್‌ಸ್ಪೆಕ್ಟರ್ ಕಥೆಯಾದರೆ ಗುಟ್ಟು ಗೊತ್ತಾದ ತಕ್ಷಣ ಪಕ್ಕಕ್ಕಿಡುತ್ತೇನೆ. ನಮ್ಮ ಯಜಮಾನರು, “ಬೆಂಕಿ ಅಂದರೆ ಎಲ್ಲರಿಗೂ ನೋಡುವ ಆಸೆ, ಅಷ್ಟೇ” ಅಂತಾರೆ. ಅಷ್ಟೇನಾ?

ಒಂಟಿಕೊಪ್ಪಲ್ ಹುಡುಗ:
ಅಕ್ಕಾ, ನನಗನ್ನಿಸುವುದು ಇಷ್ಟು. ಪೊಲೀಸ್ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಫೈರ್ ಇಂಜಿನ್ ಬಂದರೆ ದಾರಿ ಬಿಡುತ್ತಾರೆ. ಯಾರ ಮನೆಯ ಅಡುಗೆಕೋಣೆಗೆ ಬೇಕಾದರೂ ನುಗ್ಗುವ ಹೀರೋ ಬೇರೆ ಯಾರಿದ್ದಾರೆ?

ನಿವೃತ್ತ ನೀರುಗಾಡಿ:
ಮೇಡಂ, ನಾನು ಇದೇ ಇಲಾಖೆಯಲ್ಲಿ ಮೈಸೂರು, ಮಂಡ್ಯ ಎರಡೂ ಕಡೆ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಸರಸ್ವತಿಪುರಂ ಠಾಣೆ ಮುಂದೆ ಬಸ್ಸು ನಿಂತರೆ ಗಾಡಿಗಳೆಲ್ಲ ಒಳಗಿವೆಯಾ ಅಂತ ಎಣಿಸುತ್ತೇನೆ. ಹಾಳು ಅಭ್ಯಾಸ.

ಪತ್ತೇದಾರ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹೆಣ ತಣ್ಣಗಾಗಿರುತ್ತದೆ, ಅವನು ನಿಧಾನಕ್ಕೆ ಸಿಗರೇಟು ಹಚ್ಚಬಹುದು. ನಮ್ಮವನು ಹೋಗುವಾಗ ಅದು ಇನ್ನೂ ನಡೆಯುತ್ತಿರುತ್ತದೆ. ಮೊದಲು ಒಳಗಿರುವವರನ್ನು ಎಳೆದು ತರಬೇಕು, ಅನುಮಾನ ಆಮೇಲೆ. ಅದಕ್ಕಿಂತ ದೊಡ್ಡ ಪೇಚು ಅಂದರೆ, ಸಾಕ್ಷಿಯನ್ನು ಹಾಳು ಮಾಡುವವನೂ ಅವನೇ. ಹೋಸ್ ಪೈಪಿನ ನೀರು ಬೂದಿ, ಹೆಜ್ಜೆ ಗುರುತು ಎಲ್ಲವನ್ನೂ ಚರಂಡಿಗೆ ಕೊಚ್ಚಿಕೊಂಡು ಹೋಗುತ್ತದೆ. ಸಣ್ಣ ಸಣ್ಣ ಬಿರುಕು ಬಿದ್ದ ಕಿಟಕಿ ಗಾಜು ಕಂಡರೆ ಯಾರೋ ಪೆಟ್ರೋಲ್ ಸುರಿದಿದ್ದಾರೆ ಅಂತ ಹಿಂದೆ ತನಿಖೆ ಮಾಡುವವರು ನಂಬುತ್ತಿದ್ದರು. ಆಮೇಲೆ ಪರೀಕ್ಷೆ ಮಾಡಿದರೆ, ಕಾದ ಗಾಜಿಗೆ ತಣ್ಣೀರು ಬಿದ್ದರೆ ಹಾಗಾಗುತ್ತದೆ ಅಂತ ಗೊತ್ತಾಯಿತು. ಅಂದರೆ ಆ ‘ಸಾಕ್ಷಿ’ ಮಾಡಿದ್ದು ನಮ್ಮ ನೀರೇ!

ಉಳಿದದ್ದನ್ನು ಓದಬೇಕು. ಗೋಡೆಯ ಮೇಲೆ ಮಸಿ ಬೀಸಣಿಗೆ ಬಿಚ್ಚಿದ ಹಾಗೆ ಮೇಲಕ್ಕೆ ಅಗಲವಾಗಿರುತ್ತದೆ, ಕೆಳಗಿನ ಚೂಪು ತುದಿಯ ಹತ್ತಿರ ಏನಿತ್ತು ಅಂತ ಮೊದಲು ನೋಡುತ್ತೇವೆ. ಹಳೇ ಕಾಲದ ಬಲ್ಬು ಶಾಖ ಬಂದ ಕಡೆಗೇ ಉಬ್ಬಿಕೊಳ್ಳುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಮದ್ದೂರು ಕಡೆಯ ಒಂದು ಹಳ್ಳಿ, ರಾತ್ರಿ ಎರಡು ಗಂಟೆಗೆ ಕಾಲ್ ಬಂತು. ಹುಲ್ಲಿನ ಮೆದೆ ಹತ್ತಿಕೊಂಡಿತ್ತು. ಮೆದೆಗೆ ಸುಮ್ನೆ ನೀರು ಹೊಡೆದರೆ ಆರುವುದಿಲ್ಲ. ಮೇಲೆ ಹಸಿಯಾಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಕೊಕ್ಕೆಯಲ್ಲಿ ಎಳೆದು, ಹರವಿ, ನೆನೆಸಬೇಕು. ಬೆಳಗಾಯಿತು. ಅಷ್ಟರಲ್ಲಿ ಊರಿನವರು ಒಬ್ಬನನ್ನು ಹಿಡಿದು ಜಗಲಿ ಮೇಲೆ ಕೂರಿಸಿದ್ದರು. ಮೆದೆಯವರಿಗೂ ಅವನಿಗೂ ಬದುವಿನ ಜಗಳ ಇತ್ತು. ಅವನು ಟವಲನ್ನು ಮಡಿಚುವುದು, ಬಿಚ್ಚುವುದು, ಅದನ್ನೇ ಮಾಡುತ್ತಿದ್ದ.

ನಮ್ಮ ಹಿರಿಯರೊಬ್ಬರು ಕೆಡವಿದ ಹುಲ್ಲಿನ ಮುಂದೆ ನಿಂತುಬಿಟ್ಟರು. ಹೊರಗಿನ ಸುತ್ತಿನ ಹುಲ್ಲು ಎಷ್ಟೋ ಕಡೆ ಇನ್ನೂ ಹಳದಿ. ಹೊಟ್ಟೆಯೊಳಗೆ ಪೂರ್ತಿ ಕರಿ. ಕಡ್ಡಿ ಗೀರುವವನು ಹೊರಗಿನಿಂದ ತಾನೇ ಹಚ್ಚುವುದು? “ಹುಲ್ಲು ಒಟ್ಟುವಾಗ ಮಳೆ ಬಂದಿತ್ತಾ ಗೌಡ್ರೇ?” ಅಂತ ಕೇಳಿದರು. ಬಂದಿತ್ತಂತೆ, ಮೂರು ವಾರದ ಹಿಂದೆ. ಅದೇ ದಿನ ಒಟ್ಟಿದ ಇನ್ನೊಂದು ಮೆದೆ ಪಕ್ಕದಲ್ಲೇ ಇತ್ತು. “ಕೈ ಹಾಕಿ ನೋಡಿ” ಅಂದರು. ಗೌಡರ ಕೈ ಮೊಣಕೈವರೆಗೆ ಹೋಯಿತು, ಸರಕ್ಕನೆ ಹೊರಗೆ ಬಂತು. ಹಸಿ ಹುಲ್ಲನ್ನು ಒತ್ತಿ ಒಟ್ಟಿದರೆ ಒಳಗೆ ಕೊಳೆಯುತ್ತಾ ಬಿಸಿ ಏರುತ್ತದೆ. ಹೊರಗೆ ಹೋಗಲು ದಾರಿ ಇರುವುದಿಲ್ಲ. ಕೆಲವು ವಾರ ಕಳೆದ ಮೇಲೂ ತಾನಾಗಿಯೇ ಹೊತ್ತಿಕೊಳ್ಳಬಹುದು.

ಜಗಲಿ ಮೇಲಿದ್ದವನು ಎದ್ದು ಟವಲು ಕೊಡವಿ ಹೊರಟ. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ನಮಗೆ ಕಾಫಿ ಕೊಟ್ಟರು.

ಪುಸ್ತಕದಲ್ಲಾದರೆ ಕೊನೆಗೆ ಒಬ್ಬ ಕೇಡಿ ಸಿಗಲೇಬೇಕು. ನಾನು ಕಂಡ ಬೆಂಕಿಗಳಲ್ಲಿ ಜಾಸ್ತಿ ಸಿಕ್ಕಿದ್ದು ಹಳೇ ವೈರು, ಆರಿಸದ ದೀಪ, ಹಸಿ ಹುಲ್ಲು. ಹಾಗಾಗಿ ನಾನು ಇಂಥ ಕಥೆ ಓದುವಾಗ ಕೊಲೆಗಾರನನ್ನು ಹುಡುಕುವುದೇ ಇಲ್ಲ, ಬೆಂಕಿ ಎಲ್ಲಿಂದ ಶುರುವಾಯಿತು ಅಂತ ಹುಡುಕುತ್ತೇನೆ. ನೀವೂ ಅದನ್ನೇ ಮಾಡುತ್ತಿದ್ದಿರೇನೋ.

ಒಂಟಿಕೊಪ್ಪಲ್ ಹುಡುಗ:
ಸರ್, ನಮ್ಮ ಮೈಸೂರಲ್ಲೇ ಇಂಥ ಸರಣಿ ಬರೆಯಬಹುದಲ್ವಾ? 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಿನಲ್ಲೇ ಹಳೇ ಮರದ ಅರಮನೆ ಸುಟ್ಟಿತು. ಈಗಿನದು ಮುಗಿದದ್ದು 1912ರಲ್ಲಿ. ಆಮೇಲೆ ಚಿತ್ರೀಕರಣ ನಡೆಯುತ್ತಿದ್ದ ಪ್ರೀಮಿಯರ್ ಸ್ಟುಡಿಯೋಗೆ ಬಿದ್ದ ಬೆಂಕಿ.

ನಿವೃತ್ತ ನೀರುಗಾಡಿ:
ಅರಮನೆ ಬರಿಯಪ್ಪಾ, ಚೆನ್ನಾಗಿರುತ್ತದೆ. ಸ್ಟುಡಿಯೋ ಬೇಡ. 1989ರ ಫೆಬ್ರವರಿ 8, 62 ಜನ ತೀರಿಕೊಂಡರು. ಅವರ ಮನೆಯವರು ಇನ್ನೂ ಇದ್ದಾರೆ.

ಮಂಡ್ಯದ ಓದುಗಿ:
ಸರ್, ಹೌದು. ಎರಡನೇ ಪುಸ್ತಕದಲ್ಲಿ ಕೊಲೆಗಾರ ಸಿಕ್ಕಿಬಿದ್ದ ಪುಟಗಳನ್ನು ಹಾರಿಸಿ, ಸುಟ್ಟ ಮನೆಯ ಪುಟಗಳಿಗೆ ವಾಪಸ್ ಹೋಗಿದ್ದೆ. ಯಾಕೆ ಅಂತ ಆಗ ಗೊತ್ತಾಗಿರಲಿಲ್ಲ. ನಮ್ಮ ಅತ್ತೆ ಊರಿಗೆ ಈಗಷ್ಟೇ ಫೋನ್ ಮಾಡಿದೆ. ಈ ಸಲ ಅವರೂ ಮಳೆಯಲ್ಲೇ ಹುಲ್ಲು ಒಟ್ಟಿದ್ದಾರೆ. ಮೈದುನ ಮೆದೆಗೆ ಕೈ ಹಾಕಿ ನೋಡಲು ಹೋಗಿದ್ದಾನೆ, ಇನ್ನೂ ಫೋನ್ ಬಂದಿಲ್ಲ.