ಅಪ್‌ಡೇಟ್: ಮೂರು ಓಎಸ್‌ಗೂ ಒಂದೇ ಹಾರ್ಡ್ ಡಿಸ್ಕ್, ಕೊನೆಗೆ ಎಕ್ಸ್‌ಫ್ಯಾಟ್

ನನ್ನ ಉಬುಂಟು, ಅಕ್ಕನ ಮ್ಯಾಕ್, ಆಫೀಸಿನ ವಿಂಡೋಸ್ ಮೂರರಲ್ಲೂ ನಡಿಯೋ ಹಾಗೆ 2 ಟಿಬಿ ಡಿಸ್ಕ್ ಯಾವುದ್ರಲ್ಲಿ ಫಾರ್ಮ್ಯಾಟ್ ಮಾಡ್ಲಿ ಅಂತ ಕೇಳಿದ್ನಲ್ಲ, ಹೇಳಿದೋರಿಗೆಲ್ಲ ಥ್ಯಾಂಕ್ಸ್, ಮೂರೂ ಓದಿ ಬರಿಯೋ ಫೈಲ್ ಸಿಸ್ಟಮ್ (ಡಿಸ್ಕಲ್ಲಿ ಫೈಲುಗಳನ್ನ ಜೋಡಿಸಿಡೋ ರೀತಿ) ಆದ ಎಕ್ಸ್‌ಫ್ಯಾಟ್‌ಗೇ ಹೋದೆ.

ಹಳೇ ಫ್ಯಾಟ್32 ಫಾರ್ಮ್ಯಾಟ್ ಅಂದೋರಿಗೆ: ಒಂದು ಫೈಲು 4 ಜಿಬಿ ದಾಟಂಗಿಲ್ಲ ಅದ್ರಲ್ಲಿ, ಅಕ್ಕನ ಮದುವೆ ವಿಡಿಯೋ ಒಂದೇ 11 ಜಿಬಿ ಇದೆ, ಅಲ್ಲಿಗೆ ಮುಗೀತು. ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಉಬುಂಟುಲಿ ಆರಾಮಾಗಿ ನಡಿಯುತ್ತೆ, ಆದ್ರೆ ಮ್ಯಾಕ್ ಓದುತ್ತೆ ಅಷ್ಟೇ, ಬರಿಯೋಕೆ ಬೇರೆ ಸಾಫ್ಟ್‌ವೇರ್ ಬೇಕು, ಅಕ್ಕ ಅದೆಲ್ಲ ಹಾಕ್ಕೊಳ್ಳೋ ಪೈಕಿ ಅಲ್ಲ.

ವಿಂಡೋಸಲ್ಲೇ ಫಾರ್ಮ್ಯಾಟ್ ಮಾಡ್ದೆ, ಉಬುಂಟುಗೆ ಚುಚ್ಚಿದ್ರೆ ಏನೂ ಇನ್‌ಸ್ಟಾಲ್ ಮಾಡ್ದೇನೇ ಓಪನ್ ಆಯ್ತು, 2019ರ ಲಿನಕ್ಸ್ 5.4 ಕರ್ನೆಲ್‌ನಿಂದ (ಉಬುಂಟುವಿನ ಒಳತಿರುಳು) ಸಪೋರ್ಟ್ ಒಳಗೇ ಇದೆಯಂತೆ. ಮ್ಯಾಕಲ್ಲಿ ಹಾಕಿ ತೆಗೆದ್ಮೇಲೆ ಮಾತ್ರ ಚುಕ್ಕೆ ಅಂಡರ್‌ಸ್ಕೋರ್‌ನಿಂದ ಶುರುವಾಗೋ ಪುಟಾಣಿ ಫೈಲುಗಳು ಪ್ರತಿ ಫೋಟೋ ಪಕ್ಕ ಕೂತಿರ್ತವೆ, ವಿಂಡೋಸಲ್ಲಿ ನೋಡಿದ್ರೆ ತಲೆನೋವು, ಡಿಲೀಟ್ ಮಾಡಿದ್ರೆ ಫೋಟೋಗೇನೂ ಆಗಲ್ಲ.

ಯಾರೋ ಒಬ್ರು ಎಕ್ಸ್‌ಫ್ಯಾಟಲ್ಲಿ ಜರ್ನಲಿಂಗ್ (ಬದಲಾವಣೆಗಳನ್ನ ಮೊದಲೇ ಗುರುತು ಹಾಕ್ಕೊಳ್ಳೋ ವ್ಯವಸ್ಥೆ) ಇಲ್ಲ ಹುಷಾರು ಅಂದಿದ್ರಿ, ಸರಿಯಾದ ಮಾತು. ಕಾಪಿ ಆಗ್ತಿರುವಾಗ ಕೇಬಲ್ ಕಿತ್ರೆ ಎಕ್ಸ್‌ಫ್ಯಾಟ್ ಕೆಡೋ ಚಾನ್ಸ್ ಜಾಸ್ತಿ, ಅದಕ್ಕೇ ಇಜೆಕ್ಟ್ ಕೊಡ್ದೆ ಯಾರೂ ಮುಟ್ಟಂಗಿಲ್ಲ ಅಂತ ಡಿಸ್ಕ್ ಮೇಲೇ ಚೀಟಿ ಅಂಟ್ಸಿದೀನಿ, ಫೋಟೋಗಳ ಇನ್ನೊಂದು ಕಾಪಿನೂ ಬೇರೆ ಕಡೆ ಇದೆ. ನನ್ನ ಕೋಡ್ ಫೋಲ್ಡರ್ ಇದಕ್ಕೆ ಹಾಕ್ಲಿಲ್ಲ, ಸಿಮ್‌ಲಿಂಕು (ಬೇರೆ ಫೈಲಿಗೆ ತೋರ್ಸೋ ಕೊಂಡಿ), ಲಿನಕ್ಸ್ ಪರ್ಮಿಷನ್ನು (ಯಾರು ಓದ್ಬೋದು, ಬರೀಬೋದು ಅನ್ನೋದು) ಎರಡೂ ಇದ್ರಲ್ಲಿ ನಿಲ್ಲಲ್ಲ, ಅದು ಲ್ಯಾಪ್‌ಟಾಪಿನ ಎಕ್ಸ್ಟ್4ನಲ್ಲೇ (ಲಿನಕ್ಸಿನ ಫೈಲ್ ಸಿಸ್ಟಮ್) ಇರ್ಲಿ.