ವಯಲ್‌ನಲ್ಲಿ ನಿರ್ವಾತ ಇಲ್ಲವೆಂದರೆ ಪೆಪ್ಟೈಡ್ ಕೆಟ್ಟಿದೆ ಎಂದೇ?

ಪ್ರಶ್ನೆ:
ನಮಸ್ಕಾರ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ಪ್ರಯೋಗ ಮಾಡುತ್ತೇನೆ. ಕಳೆದ ವಾರ ಹೆಪ್ಪುಗಟ್ಟಿಸಿ ಒಣಗಿಸಿದ ಪೆಪ್ಟೈಡ್ ಪುಡಿಯಿರುವ, ಒಂದೇ ಬ್ಯಾಚಿನ ಹತ್ತು ವಯಲ್‌ಗಳನ್ನು (ರಬ್ಬರ್ ಬಿರಡೆಯ ಕಿರು ಗಾಜಿನ ಸೀಸೆಗಳು) ತೆಗೆದೆ. ಎಂಟರಲ್ಲಿ ಸೂಜಿ ಚುಚ್ಚಿದೊಡನೆ ಸಿರಿಂಜಿನ ನೀರು ತಾನಾಗಿಯೇ ಒಳಕ್ಕೆ ಎಳೆದುಕೊಂಡಿತು. ಉಳಿದೆರಡರಲ್ಲಿ ಪ್ಲಂಜರ್ ಅಲುಗಲಿಲ್ಲ. ಒಂದರ ಪುಡಿಯಂತೂ ಕುಗ್ಗಿ ತಳಕ್ಕೆ ಅಂಟಿಕೊಂಡಿತ್ತು. ಆ ಎರಡಕ್ಕೂ ನೀರು ಹಾಕಿಲ್ಲ. ಬಳಸಬಹುದೇ?

ಉತ್ತರ 1:
ನಿರ್ವಾತ ಇಲ್ಲದಿರುವುದೇ ದೋಷವಲ್ಲ. ಒಣಗಿಸುವಿಕೆ ಮುಗಿದ ಮೇಲೆ ಯಂತ್ರದ ತಟ್ಟೆಗಳು ಅರೆ ಕೂತಿದ್ದ ರಬ್ಬರ್ ಬಿರಡೆಗಳನ್ನು ಪೂರ್ತಿ ಒತ್ತುತ್ತವೆ. ಅದಕ್ಕೆ ಮೊದಲು ಒಳಗೆ ಒಣ ನೈಟ್ರೋಜನ್ ಎಷ್ಟು ತುಂಬಬೇಕೆಂಬುದು ತಯಾರಕರ ನಿರ್ಧಾರ; ಪೂರ್ತಿ ತುಂಬಿದರೆ ನಿರ್ವಾತ ಉಳಿಯುವುದಿಲ್ಲ. ಅದಲ್ಲದೆ ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ಗಾಳಿಯ ಒತ್ತಡ ಹತ್ತನೇ ಒಂದರಷ್ಟು ಕಡಿಮೆ. ಕರಾವಳಿಯಲ್ಲಿ ಅಲ್ಪ ನಿರ್ವಾತದಲ್ಲಿ ಮುಚ್ಚಿದ ವಯಲ್ ಇಲ್ಲಿ ಎಳೆಯದೇ ಇರಬಹುದು.

ಉತ್ತರ 2:
ಮೇಲಿನವರ ಮಾತು ಸರಿ, ಆದರೆ ಎತ್ತರದ ಕಾರಣ ಇಲ್ಲಿ ಹೊಂದುವುದಿಲ್ಲ: ಎಂಟು ಎಳೆದಿವೆ, ಎರಡು ಎಳೆದಿಲ್ಲ. ಒಂದೇ ಬ್ಯಾಚಿನಲ್ಲಿ ಹೀಗಾದರೆ ಮೊದಲು ಬಿರಡೆ ಸೋರಿರಬೇಕೆಂದು ಅನುಮಾನಿಸಬೇಕು. ಸೋರಿದರೆ ಗಾಳಿಯ ಜೊತೆ ತೇವವೂ ಒಳಹೋಗುತ್ತದೆ. ತೇವ ಹೀರಿದ ಕೇಕ್ (ಒಣಗಿದ ಪುಡಿಯ ಮುದ್ದೆ) ಕುಗ್ಗುತ್ತದೆ, ಆಮ್ಲಜನಕದಿಂದ ಮೆಥಿಯೋನಿನ್ ಮತ್ತು ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಿರುವ ಪೆಪ್ಟೈಡ್‌ಗಳು ಉತ್ಕರ್ಷಣಗೊಳ್ಳುತ್ತವೆ. ಆದರೂ ಕುಗ್ಗುವಿಕೆಗೆ ಒಣಗಿಸುವಾಗಿನ ತಾಪಮಾನದ ತಪ್ಪೂ ಕಾರಣವಾಗಬಲ್ಲದು, ಹಾಗಾಗಿ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ತೇವಾಂಶವನ್ನು ಕಾರ್ಲ್ ಫಿಷರ್ ವಿಧಾನದಿಂದಲೂ, ಶುದ್ಧತೆಯನ್ನು ಎಚ್‌ಪಿಎಲ್‌ಸಿಯಿಂದಲೂ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಳೆಯಿಸಿ. ಎಚ್‌ಪಿಎಲ್‌ಸಿ ವರದಿಯ ಶೇಕಡಾವಾರು ಶುದ್ಧತೆ ಎಂಬುದು ಪುಡಿಯಲ್ಲಿ ನೀರೆಷ್ಟಿದೆ ಎಂದು ಹೇಳುವುದಿಲ್ಲ. ಸೂಜಿ ಚುಚ್ಚಿದ ಬಿರಡೆಯ ಮೇಲೆ ಸೋರಿಕೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಅದಕ್ಕೆ ಅದೇ ಬ್ಯಾಚಿನ ಮುಟ್ಟದ ವಯಲ್‌ಗಳೇ ಬೇಕು. ಬಿರಡೆಯನ್ನು ಹಿಡಿದಿರುವ ಅಲ್ಯೂಮಿನಿಯಂ ಕ್ಯಾಪ್ ಬೆರಳಿನಿಂದ ತಿರುಗುತ್ತದೆಯೇ ನೋಡಿ, ತಿರುಗಿದರೆ ಮುಚ್ಚುವಿಕೆ ಸಡಿಲವಾಗಿರಬಹುದು. ಫ್ರಿಜ್‌ನಿಂದ ತೆಗೆದ ತಕ್ಷಣ ವಯಲ್ ತೆರೆಯುತ್ತೀರಾದರೆ, ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂರುವುದರಿಂದ ಮಳೆಗಾಲದಲ್ಲಿ ಅದೂ ಒಂದು ತೊಂದರೆಯೇ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕುಗ್ಗಿದ ವಯಲ್‌ನ ಕ್ಯಾಪ್ ನಿಜಕ್ಕೂ ಸಲೀಸಾಗಿ ತಿರುಗುತ್ತಿದೆ, ಇನ್ನೊಂದರದು ಗಟ್ಟಿಯಾಗಿದೆ. ಎರಡನ್ನೂ ಪ್ರತ್ಯೇಕವಾಗಿರಿಸಿದ್ದೇನೆ. ಅದೇ ಬ್ಯಾಚಿನಲ್ಲಿ ಇನ್ನೂ ಮುಟ್ಟದೆ ಉಳಿದಿರುವ ಬೇರೆ ಹತ್ತು ವಯಲ್‌ಗಳ ಪೈಕಿ ಮೂರನ್ನು ಪರೀಕ್ಷೆಗೆ ಕಳುಹಿಸುತ್ತಿದ್ದೇನೆ. ವರದಿ ಬರುವವರೆಗೆ ಆ ಎಂಟು ವಯಲ್‌ಗಳ ಫಲಿತಾಂಶವನ್ನೂ ಬರೆದಿಡುವುದಿಲ್ಲ.

ಉತ್ತರ 2:
ಬರೆದಿಡಿ, ಬ್ಯಾಚ್ ಸಂಖ್ಯೆ ಸಹಿತ. ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಮಾತ್ರ ತಡೆಹಿಡಿಯಿರಿ.